ಅಂಗೈ ಲಿನಕ್ಸ್ ಕಂಪ್ಯೂಟರಿನಲ್ಲಿ ಫೋನ್ ಕರೆ: ಸಿಮ್ ಹಾಕಿದ ಮೇಲಿನ ಕೆಲಸ

ತಿಪಟೂರು, ಗುಬ್ಬಿ, ತುರುವೇಕೆರೆ ಕಡೆಯ ತೆಂಗು, ಅಡಿಕೆ ತೋಟಗಳಲ್ಲಿ ಕೊಳವೆಬಾವಿಯ ಸ್ಟಾರ್ಟರಿನ ಪಕ್ಕಕ್ಕೆ ಚಿಕ್ಕದೊಂದು ಪೆಟ್ಟಿಗೆಯನ್ನು ಬಿಗಿದಿರುವುದನ್ನು ಈಗ ಅಲ್ಲಲ್ಲಿ ಕಾಣಬಹುದು. ಅದಕ್ಕೆ ಮೊಬೈಲ್ ಸ್ಟಾರ್ಟರ್ ಎನ್ನುತ್ತಾರೆ. ತ್ರೀ ಫೇಸ್ ಕರೆಂಟು ಯಾವ ಅವೇಳೆಯಲ್ಲಿ ಬಂದರೂ ರೈತರು ಎದ್ದು ತೋಟಕ್ಕೆ ಹೋಗಬೇಕಾಗಿಲ್ಲ; ಪೆಟ್ಟಿಗೆಯೊಳಗಿನ ಸಿಮ್‌ನ ನಂಬರಿಗೆ ಮನೆಯಿಂದಲೇ ಕರೆ ಮಾಡಿ ಒಂದು ಅಂಕಿ ಒತ್ತಿದರೆ ಮೋಟಾರು ಓಡತೊಡಗುತ್ತದೆ. ಆ ಪೆಟ್ಟಿಗೆಯಲ್ಲಿ ಟಚ್ ಪರದೆಯಿಲ್ಲ, ಆಪ್ ಇಲ್ಲ, ಆಂಡ್ರಾಯ್ಡ್ ಇಲ್ಲ. ಇರುವುದು ಒಂದು ಮೋಡೆಮ್ ಮಾಡ್ಯೂಲ್ ಮತ್ತು ಅದಕ್ಕೆ ಆಜ್ಞೆ ಕೊಡುವ ಒಂದು ಅಗ್ಗದ ಮೈಕ್ರೊಕಂಟ್ರೋಲರ್. ಟವರನ್ನು ಹುಡುಕುವುದು, ಕರೆ ಬಂದಿದೆಯೆಂದು ತಿಳಿಸುವುದು, ಹೇಳಿದಾಗ ಅದನ್ನು ಸ್ವೀಕರಿಸುವುದು, ಆಚೆಯವರು ಒತ್ತಿದ ಅಂಕಿಯನ್ನು ಗುರುತಿಸುವುದು, ಇವೆಲ್ಲ ಮಾಡ್ಯೂಲಿನ ಕೆಲಸ.

ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯಿಂದ ನಡೆಯುವ, ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರಿಗೆ ಫೋನ್ ಕರೆಯನ್ನು ಸೇರಿಸುವ ಕೆಲಸದ ಬುಡದಲ್ಲಿಯೂ ಇದೇ ವ್ಯವಸ್ಥೆಯಿದೆ. ಮೈಕ್ರೊಕಂಟ್ರೋಲರಿನ ಜಾಗಕ್ಕೆ ಲಿನಕ್ಸ್ ನಡೆಸುವ ಬೋರ್ಡು ಬರುತ್ತದೆ, ಅಷ್ಟೆ. ಆದರೆ ಮೊಬೈಲ್ ಸ್ಟಾರ್ಟರಿಗೆ ಬೇಡದ ಎರಡು ಸಂಗತಿಗಳು ಫೋನಿಗೆ ಬೇಕು. ಮೊದಲನೆಯದು, ಮಾತು ಎರಡೂ ಕಡೆಗೆ ಸ್ಪಷ್ಟವಾಗಿ ಹರಿಯಬೇಕು. ಎರಡನೆಯದು, ಗೋಡೆಯ ಕರೆಂಟಿನ ಆಸರೆಯಿಲ್ಲದೆ ಸಣ್ಣ ಬ್ಯಾಟರಿಯ ಮೇಲೆ ದಿನವಿಡೀ ಕರೆಗಾಗಿ ಕಾಯಬೇಕು. ತುಮಕೂರಿನ ಇಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಮಾಡ್ಯೂಲ್ ತಂದು ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಜೋಡಿಸುವಾಗ ಸಾಮಾನ್ಯವಾಗಿ ನಂಬರು ಒತ್ತುವ ಪರದೆಯನ್ನು ಚೆಂದಗಾಣಿಸುವುದಕ್ಕೆ ಹೆಚ್ಚು ಸಮಯ ಕೊಡುತ್ತಾರೆ. ನಂಬರು ಒತ್ತುವುದು ಇಡೀ ಕೆಲಸದಲ್ಲಿ ಅತ್ಯಂತ ಸುಲಭವಾದ ಭಾಗ. ಕಷ್ಟವೆಲ್ಲ ನೆಟ್‌ವರ್ಕಿನಲ್ಲಿ, ಧ್ವನಿಯಲ್ಲಿ ಮತ್ತು ನಿದ್ರೆಯಲ್ಲಿ ಕೂತಿದೆ.

ಒಂದೇ ಪೆಟ್ಟಿಗೆ, ಎರಡು ಕಂಪ್ಯೂಟರು

ಯಾವುದೇ ಮೊಬೈಲ್ ಫೋನಿನೊಳಗೆ ಎರಡು ಕಂಪ್ಯೂಟರುಗಳಿವೆ ಎಂಬುದನ್ನು ಮೊದಲು ಮನದಟ್ಟು ಮಾಡಿಕೊಳ್ಳಬೇಕು. ಪರದೆ, ಆಪ್, ಫೋಟೊ, ಹಾಡು ಇವುಗಳನ್ನೆಲ್ಲ ನೋಡಿಕೊಳ್ಳುವುದು ಒಂದು. ಟವರಿನ ಜೊತೆ ರೇಡಿಯೊ ಸಂಪರ್ಕವನ್ನು ಸಂಭಾಳಿಸುವುದು ಇನ್ನೊಂದು; ಅದೇ ಮೋಡೆಮ್. ಅದಕ್ಕೆ ತನ್ನದೇ ಪ್ರೊಸೆಸರ್, ತನ್ನದೇ ಮೆಮೊರಿ, ತಯಾರಕರು ಮಾತ್ರ ಬಲ್ಲ ತನ್ನದೇ ತಂತ್ರಾಂಶ ಇರುತ್ತದೆ. ಲಿನಕ್ಸ್ ಎಷ್ಟೇ ಮುಕ್ತವಾಗಿದ್ದರೂ ಟವರಿನೊಂದಿಗೆ ಅದು ನೇರವಾಗಿ ಮಾತಾಡುವುದಿಲ್ಲ. ಮೋಡೆಮಿಗೆ ಹೇಳುತ್ತದೆ, ಮೋಡೆಮ್ ಟವರಿಗೆ ಹೇಳುತ್ತದೆ. ವಿಚಿತ್ರವೆಂದರೆ ಪೈನ್‌ಫೋನ್ ಎಂಬ ಲಿನಕ್ಸ್ ಫೋನಿನಲ್ಲಿರುವ ಕ್ವೆಕ್ಟೆಲ್ ಕಂಪನಿಯ ಇಜಿ25-ಜಿ ಮಾಡ್ಯೂಲಿನ ಹೊಟ್ಟೆಯೊಳಗೂ ಒಂದು ಪುಟ್ಟ ಲಿನಕ್ಸ್ ಓಡುತ್ತಿರುತ್ತದೆ. ಆದರೂ ರೇಡಿಯೊವನ್ನು ನಿಯಂತ್ರಿಸುವ ಭಾಗ ಅಲ್ಲಿಯೂ ಮುಚ್ಚಿದ ಪೆಟ್ಟಿಗೆಯೇ.

ಈ ವಿಂಗಡಣೆ ಇತಿಹಾಸದಲ್ಲಿಯೂ ಕಾಣುತ್ತದೆ. ನೋಕಿಯಾ 2005ರಲ್ಲಿ ತಂದ 770, 2007ರಲ್ಲಿ ತಂದ ಎನ್800 ಮತ್ತು ಎನ್810 ಇವು ಮೂರೂ ಅಂಗೈ ಲಿನಕ್ಸ್ ಕಂಪ್ಯೂಟರುಗಳೇ. ಒಂದರಲ್ಲಿಯೂ ಸಿಮ್ ಹಾಕುವ ಜಾಗವಿರಲಿಲ್ಲ. ಅದೇ ಸಾಲಿನ ಎನ್900 ಮೋಡೆಮ್ ಹೊತ್ತು ಬಂದು ಫೋನ್ ಎನಿಸಿಕೊಂಡದ್ದು 2009ರಲ್ಲಿ. ಇಂದಿನ ಕೆಲವು ಸಾಧನಗಳಲ್ಲಿ ಮೋಡೆಮ್ ಬೇಕಾದರೆ ಮಾತ್ರ ಸೇರಿಸಿಕೊಳ್ಳುವ ಭಾಗವಾಗಿದೆ: ಕ್ಲಾಕ್‌ವರ್ಕ್‌ಪೈ ಕಂಪನಿಯ ಯುಕನ್ಸೋಲ್‌ಗೆ 4ಜಿ ವಿಸ್ತರಣೆಯನ್ನು ಪ್ರತ್ಯೇಕವಾಗಿ ಕೊಳ್ಳಬಹುದು, ಪ್ಯೂರಿಸಂ ಕಂಪನಿಯ ಲಿಬ್ರೆಮ್ 5ರಲ್ಲಿ ಮೋಡೆಮ್ ಕಾರ್ಡನ್ನು ಕಳಚಬಹುದು, ಪಕ್ಕದ ಸ್ವಿಚ್ಚಿನಿಂದ ಅದರ ವಿದ್ಯುತ್ತನ್ನೇ ಕಡಿಯಬಹುದು.

ಲಿನಕ್ಸ್ ಮತ್ತು ಮೋಡೆಮ್ ನಡುವಿನ ಭಾಷೆ ಮಾತ್ರ ಬಹಳ ಹಳೆಯದು. 1981ರಲ್ಲಿ ಹೇಯ್ಸ್ ಕಂಪನಿ ದೂರವಾಣಿ ತಂತಿಗೆ ಜೋಡಿಸುವ ಸ್ಮಾರ್ಟ್‌ಮೋಡೆಮ್ ತಂದಾಗ ಅದಕ್ಕೆ ಕೊಡುವ ಆಜ್ಞೆಗಳು 'ಎಟಿ' ಎಂಬ ಎರಡು ಅಕ್ಷರಗಳಿಂದ ಶುರುವಾಗುತ್ತಿದ್ದವು. ಮೊಬೈಲ್ ಜಾಲಗಳ ಮಾನಕಗಳು ಅದನ್ನೇ ಮುಂದುವರಿಸಿದವು. ಎಟಿ ಎಂದು ಕಳಿಸಿದರೆ ಮೋಡೆಮ್ 'ಓಕೆ' ಎನ್ನುತ್ತದೆ. ಎಟಿಡಿ ಎಂದು ಬರೆದು ನಂಬರು ಕೊಟ್ಟು ಕೊನೆಗೆ ಅರ್ಧವಿರಾಮ ಚಿಹ್ನೆ ಹಾಕಿದರೆ ಕರೆ ಹೋಗುತ್ತದೆ. ಆ ಚಿಹ್ನೆ ಮರೆತರೆ ಮೋಡೆಮ್ ಅದನ್ನು ಮಾತಿನ ಕರೆಯೆಂದು ತಿಳಿಯದೆ ಹಳೆಯ ಕಾಲದ ದತ್ತಾಂಶದ ಕರೆಯೆಂದು ತಿಳಿಯುತ್ತದೆ. ಒಳಬರುವ ಕರೆಗೆ 'ರಿಂಗ್' ಎಂಬ ಸಾಲು ತಾನಾಗಿ ಬರುತ್ತದೆ, ಎಟಿಎ ಎಂದರೆ ಎತ್ತಿದಂತೆ, ಎಟಿಎಚ್ ಎಂದರೆ ಇಟ್ಟಂತೆ. ಇಷ್ಟನ್ನು ಒಂದು ಮಧ್ಯಾಹ್ನದಲ್ಲಿ ಯಾರಾದರೂ ಕಲಿಯಬಹುದು.

ಜೇಬಿನಲ್ಲಿರುವ ಸಿಮ್ ಯಾವುದು?

ಮಾಡ್ಯೂಲ್ ಕೊಳ್ಳುವ ಮೊದಲೇ ಕೇಳಬೇಕಾದ ಪ್ರಶ್ನೆ ಇದು. ಆದರೆ ಬಹುತೇಕ ಎಲ್ಲರೂ ಕೊಂಡ ಮೇಲೆ ಕೇಳುತ್ತಾರೆ. ಅಂಗಡಿಯಲ್ಲಿ ಅತಿ ಅಗ್ಗಕ್ಕೆ ಸಿಗುವುದು ಸಿಮ್‌ಕಾಮ್ ಕಂಪನಿಯ ಸಿಮ್800 ಸರಣಿ. ಅದು ಕೇವಲ 2ಜಿ ಬಲ್ಲದು. ನಮ್ಮಲ್ಲಿ ಏರ್‌ಟೆಲ್, ವಿಐ ಮತ್ತು ಬಿಎಸ್‌ಎನ್‌ಎಲ್ 2ಜಿಯನ್ನು ಉಳಿಸಿಕೊಂಡಿರುವುದರಿಂದ ಆ ಕಂಪನಿಗಳ ಸಿಮ್ ಹಾಕಿದರೆ ಕರೆ ನಡೆಯುತ್ತದೆ. ತೋಟದ ಹಳೆಯ ಮೊಬೈಲ್ ಸ್ಟಾರ್ಟರುಗಳು ಇಂದಿಗೂ ಕೆಲಸ ಮಾಡುತ್ತಿರುವುದು ಇದರಿಂದಲೇ. ಜಿಯೋ 2016ರ ಸೆಪ್ಟೆಂಬರಿನಲ್ಲಿ ಆರಂಭವಾದಾಗಲೇ 2ಜಿ, 3ಜಿ ಎರಡನ್ನೂ ಬಿಟ್ಟು ಬರಿಯ 4ಜಿಯಲ್ಲಿ ಬಂದಿತು. ಆದ್ದರಿಂದ ಸಿಮ್800ಕ್ಕೆ ಜಿಯೋ ಸಿಮ್ ಹಾಕಿದರೆ ಮಾಡ್ಯೂಲ್ ಟವರಿಗಾಗಿ ಹುಡುಕುತ್ತಲೇ ಇರುತ್ತದೆ, ಅದರ ದೀಪ ಮಿನುಗುತ್ತಲೇ ಇರುತ್ತದೆ.

ಹಾಗಾದರೆ 4ಜಿ ಮಾಡ್ಯೂಲ್ ತಂದರೆ ಮುಗಿಯಿತೇ ಎಂದರೆ, ಅದೂ ಇಲ್ಲ. 2ಜಿ ಜಾಲದಲ್ಲಿ ಕರೆಯೊಂದು ನಡೆಯುವಷ್ಟು ಹೊತ್ತೂ ಅದಕ್ಕೆಂದೇ ಒಂದು ಮಾರ್ಗವನ್ನು ಮೀಸಲಿಡಲಾಗುತ್ತದೆ. 4ಜಿಯಲ್ಲಿ ಅಂಥ ಮಾರ್ಗವೇ ಇಲ್ಲ. ಅಲ್ಲಿ ಹರಿಯುವುದೆಲ್ಲ ಇಂಟರ್ನೆಟ್ ಪ್ಯಾಕೆಟ್‌ಗಳು. ಮೊದಮೊದಲಿನ 4ಜಿ ಫೋನುಗಳು ಕರೆ ಬಂದ ಕೂಡಲೇ 4ಜಿಯನ್ನು ಬಿಟ್ಟು 3ಜಿಗೋ 2ಜಿಗೋ ಇಳಿದು ಮಾತು ಮುಗಿಸಿ ಮತ್ತೆ ಮೇಲೇರುತ್ತಿದ್ದವು. ಇಳಿಯಲು ಕೆಳಗೆ ಜಾಲವೇ ಇಲ್ಲದ ಕಡೆ ಈ ಉಪಾಯ ನಡೆಯದು. ಅದಕ್ಕಾಗಿ ಬಂದದ್ದು ವೋಲ್ಟಿ, ಅಂದರೆ ಮಾತನ್ನೂ 4ಜಿಯ ಪ್ಯಾಕೆಟ್‌ಗಳಲ್ಲಿಯೇ ಸಾಗಿಸುವ ಕ್ರಮ. ಇದರಲ್ಲಿ ಮೋಡೆಮ್ 4ಜಿಗೆ ಸೇರಿಕೊಂಡ ಮೇಲೆ ಐಎಂಎಸ್ ಎಂಬ ಇನ್ನೊಂದು ವ್ಯವಸ್ಥೆಯಲ್ಲಿ ಸಿಮ್‌ನ ಗುರುತು ತೋರಿಸಿ ಪ್ರತ್ಯೇಕವಾಗಿ ನೋಂದಣಿ ಮಾಡಿಸಿಕೊಳ್ಳುತ್ತದೆ. ಕರೆ ಶುರುವಾದಾಗ ಜಾಲವು ಮಾತಿನ ಪ್ಯಾಕೆಟ್‌ಗಳಿಗೆ ಆದ್ಯತೆಯುಳ್ಳ ಬೇರೆ ದಾರಿ ಮಾಡಿಕೊಡುತ್ತದೆ. ಅದೇ ಟವರಿನ ಕೆಳಗೆ ಹತ್ತು ಜನ ಕ್ರಿಕೆಟ್ ನೋಡುತ್ತಿದ್ದರೂ ಮಾತು ಕಡಿಯದಿರುವುದು ಆ ಆದ್ಯತೆಯಿಂದ.

ಹೀಗಾಗಿ ಸಿಮ್ ಹಾಕಿದ ಕೂಡಲೇ ಇಂಟರ್ನೆಟ್ ಬಂದಿತೆಂದರೆ ಕರೆಯೂ ಬರುತ್ತದೆಂದು ಅರ್ಥವಲ್ಲ. ಇಂಟರ್ನೆಟ್ಟಿಗೆ ಒಂದು ನೋಂದಣಿ ಸಾಕು. ಕರೆಗೆ ಎರಡು ಬೇಕು. ಎರಡನೆಯದು ಆಗಬೇಕಾದರೆ ಮಾಡ್ಯೂಲಿನ ತಂತ್ರಾಂಶಕ್ಕೆ ವೋಲ್ಟಿ ಬರಬೇಕು, ಅದನ್ನು ಚಾಲೂ ಮಾಡಿರಬೇಕು, ಜೊತೆಗೆ ಆಯಾ ಮೊಬೈಲ್ ಕಂಪನಿಯ ಜಾಲಕ್ಕೆ ಹೊಂದುವ ಸಂರಚನೆಯ ಕಡತ ಮಾಡ್ಯೂಲಿನೊಳಗೆ ಇರಬೇಕು. ಕ್ವೆಕ್ಟೆಲ್ ಮಾಡ್ಯೂಲುಗಳಲ್ಲಿ ಯಾವ ಯಾವ ಕಂಪನಿಯ ಕಡತಗಳಿವೆ, ಅವುಗಳಲ್ಲಿ ಯಾವುದು ಆಯ್ಕೆಯಾಗಿದೆ ಎಂಬುದನ್ನು ಎಟಿ ಆಜ್ಞೆಯಿಂದಲೇ ಕೇಳಿ ತಿಳಿಯಬಹುದು, ಬದಲಿಸಬಹುದು. ಕರೆ ಹೋಗದಿದ್ದಾಗ ಆಂಟೆನಾ ಬದಲಿಸುವುದಕ್ಕೆ ಮೊದಲು ಇದನ್ನು ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಈ ವಿಷಯದಲ್ಲಿ ಪ್ರತ್ಯೇಕ ಮಾಡ್ಯೂಲಿನ ದಾರಿಗೆ ಒಂದು ಅನುಕೂಲವಿದೆ: ವೋಲ್ಟಿಯ ಸಮಸ್ತ ವ್ಯವಹಾರವನ್ನೂ ಮಾಡ್ಯೂಲೇ ಒಳಗೆ ಮುಗಿಸಿ ಹೊರಗಿನ ಲಿನಕ್ಸಿಗೆ ಹಳೆಯ ಕಾಲದ 'ರಿಂಗ್' ಸಾಲನ್ನೇ ಕಳಿಸುತ್ತದೆ. ಹಳೆಯ ಆಂಡ್ರಾಯ್ಡ್ ಫೋನಿಗೆ ಪೋಸ್ಟ್‌ಮಾರ್ಕೆಟ್‌ಓಎಸ್ ತರಹದ ಲಿನಕ್ಸ್ ಹಾಕುವವರಿಗೆ ಈ ಸೌಕರ್ಯ ಎಷ್ಟೋ ಸಲ ಸಿಗುವುದಿಲ್ಲ, ಏಕೆಂದರೆ ಅಲ್ಲಿ ವೋಲ್ಟಿಯ ಒಂದು ಭಾಗ ಆಂಡ್ರಾಯ್ಡಿನ ಕಡೆಗೇ ಉಳಿದುಬಿಟ್ಟಿರುತ್ತದೆ.

ತರಂಗಾಂತರವನ್ನೂ (ರೇಡಿಯೊ ಆವರ್ತನವನ್ನೂ) ಗಮನಿಸಬೇಕು. ನಮ್ಮಲ್ಲಿ 4ಜಿ ಮುಖ್ಯವಾಗಿ 850, 900, 1800, 2100 ಮತ್ತು 2300 ಮೆಗಾಹರ್ಟ್ಸ್‌ಗಳಲ್ಲಿ ನಡೆಯುತ್ತದೆ. ಸಿಮ್‌ಕಾಮ್‌ನ 7600 ಸರಣಿಯಲ್ಲಿ ಹೆಸರಿನಲ್ಲಿ 7600ರ ನಂತರ ಬರುವ ಅಕ್ಷರವೇ ಪ್ರದೇಶವನ್ನು ಹೇಳುತ್ತದೆ: 'ಎ' ಎಂದಿದ್ದರೆ ಅದು ಅಮೆರಿಕದ ತರಂಗಾಂತರಗಳಿಗೆ ಮಾಡಿದ್ದು, ಇಲ್ಲಿ ಪ್ರಯೋಜನಕ್ಕೆ ಬಾರದು; 'ಇ' ಅಥವಾ ಜಾಗತಿಕ ಬಳಕೆಯ 'ಜಿ' ಇದ್ದರೆ ಇಲ್ಲಿಗೆ ಹೊಂದುತ್ತದೆ. ಲ್ಯಾಪ್‌ಟಾಪಿನಲ್ಲಿ ಕೂರುವ 4ಜಿ ಕಾರ್ಡುಗಳನ್ನು ಹಳೆಯ ಸಾಮಾನಿನ ಅಂಗಡಿಯಿಂದ ಅಗ್ಗಕ್ಕೆ ತರುವ ಆಸೆಯನ್ನೂ ಬಿಡುವುದು ಲೇಸು, ಏಕೆಂದರೆ ಅವುಗಳಲ್ಲಿ ಬಹಳಷ್ಟು ಇಂಟರ್ನೆಟ್ಟಿಗೆ ಮಾತ್ರ ಮಾಡಿದಂಥವು. ಮಾತಿನ ದಾರಿಯೇ ಅವುಗಳಲ್ಲಿ ಇರುವುದಿಲ್ಲ.

ಮಾತು ಯಾವ ದಾರಿಯಿಂದ ಬರುತ್ತದೆ

ಕರೆ ಹೋಯಿತು, ಆಚೆಯವರು ಎತ್ತಿದರು, ಆದರೆ ಇಬ್ಬರಿಗೂ ಏನೂ ಕೇಳಿಸುತ್ತಿಲ್ಲ. ಹೊಸಬರು ಬಂದು ನಿಲ್ಲುವ ಜಾಗ ಇದು. ಇದರಲ್ಲಿ ಆಶ್ಚರ್ಯವೇನೂ ಇಲ್ಲ: ಕರೆಯನ್ನು ನಿಯಂತ್ರಿಸುವ ಆಜ್ಞೆಗಳು ಒಂದು ದಾರಿಯಲ್ಲಿ ಹೋದರೆ ಧ್ವನಿ ಬೇರೆಯೇ ದಾರಿಯಲ್ಲಿ ಹೋಗುತ್ತದೆ. ಎರಡನೆಯ ದಾರಿಯನ್ನು ನಾವೇ ಕಟ್ಟಬೇಕು, ಮತ್ತು ಅದಕ್ಕೆ ಮೂರು ಬಗೆಗಳಿವೆ.

ಎಲ್ಲಕ್ಕಿಂತ ಸರಳವಾದದ್ದು ಅನಲಾಗ್ ದಾರಿ. ಅನೇಕ ಮಾಡ್ಯೂಲ್ ಬೋರ್ಡುಗಳ ಮೇಲೆಯೇ ಇಯರ್‌ಫೋನ್ ಸಿಕ್ಕಿಸುವ ಜ್ಯಾಕ್ ಇರುತ್ತದೆ. ಮೈಕ್ ಇರುವ ಇಯರ್‌ಫೋನನ್ನು ಅಲ್ಲಿಗೆ ಸಿಕ್ಕಿಸಿದರೆ ಲಿನಕ್ಸಿಗೆ ಮಾತಿನ ಗೊಡವೆಯೇ ಇಲ್ಲ. ಅದು ಬರಿಯ ಆಜ್ಞೆ ಕೊಟ್ಟುಕೊಂಡಿರುತ್ತದೆ. ಮೊದಲ ಸಲ ಮಾಡುವವರು ಇದರಿಂದಲೇ ಶುರುಮಾಡಬೇಕು, ಏಕೆಂದರೆ ಇಲ್ಲಿ ಮಾತು ಕೇಳಿಸಿತೆಂದರೆ ಸಿಮ್, ನೆಟ್‌ವರ್ಕ್, ವೋಲ್ಟಿ ಎಲ್ಲವೂ ಸರಿಯಿದೆಯೆಂದು ಖಚಿತವಾಗುತ್ತದೆ, ಮುಂದಿನ ತೊಂದರೆಗಳನ್ನು ಬೇರೆ ಕಡೆ ಹುಡುಕಬಹುದು. ಇದರ ಕೊರತೆಯೆಂದರೆ ಕಂಪ್ಯೂಟರಿನ ಹಾಡು, ರಿಂಗ್‌ಟೋನ್ ಒಂದು ಸ್ಪೀಕರಿನಲ್ಲಿ, ಕರೆ ಇನ್ನೊಂದರಲ್ಲಿ ಆಗಿಬಿಡುತ್ತದೆ; ಕರೆಯನ್ನು ಲಿನಕ್ಸ್‌ನ ಸ್ಪೀಕರಿಗೆ ತಿರುಗಿಸಲು ಬರುವುದಿಲ್ಲ.

ಎರಡನೆಯದು ಡಿಜಿಟಲ್ ತಂತಿಗಳ ದಾರಿ. ಮಾಡ್ಯೂಲಿನ ನಾಲ್ಕು ಕಾಲುಗಳನ್ನು (ಪಿನ್‌ಗಳನ್ನು) ಮುಖ್ಯ ಚಿಪ್ಪಿನ ಧ್ವನಿ ಭಾಗಕ್ಕೆ ನೇರವಾಗಿ ಜೋಡಿಸುವ ಈ ಕ್ರಮವನ್ನು ಪೈನ್‌ಫೋನಿನಂಥ ಸಿದ್ಧ ಸಾಧನಗಳು ಅನುಸರಿಸುತ್ತವೆ. ಫಲಿತಾಂಶ ಚೆನ್ನಾಗಿರುತ್ತದೆ, ಆದರೆ ಬೋರ್ಡನ್ನು ತಾವೇ ವಿನ್ಯಾಸ ಮಾಡುವವರಿಗಲ್ಲದೆ ಉಳಿದವರಿಗೆ ಇದು ಎಟುಕುವುದು ಕಷ್ಟ.

ಮೂರನೆಯದು ಯುಎಸ್‌ಬಿ ದಾರಿ. ಮನೆಯಲ್ಲಿ ಜೋಡಿಸುವವರಿಗೆ ಅನುಕೂಲವಾದದ್ದು ಇದೇ. ಸಿಮ್7600 ಮಾಡ್ಯೂಲನ್ನು ಯುಎಸ್‌ಬಿಗೆ ಸಿಕ್ಕಿಸಿದಾಗ ಲಿನಕ್ಸಿನಲ್ಲಿ ಸೊನ್ನೆಯಿಂದ ನಾಲ್ಕರವರೆಗೆ ಸಂಖ್ಯೆ ಹೊತ್ತ ಐದು ಪೋರ್ಟುಗಳು ಕಾಣಿಸುತ್ತವೆ. ಎರಡು ಎಂಬ ಸಂಖ್ಯೆಯದು ಆಜ್ಞೆಗಳಿಗೆ, ನಾಲ್ಕು ಎಂಬ ಸಂಖ್ಯೆಯದು ಧ್ವನಿಗೆ. ಕರೆ ಕೂಡಿದ ಮೇಲೆ ಒಂದು ಆಜ್ಞೆ ಕೊಟ್ಟರೆ ಆ ಧ್ವನಿಯ ಪೋರ್ಟಿನಿಂದ ಮಾತು ಬರಿಯ ಸಂಖ್ಯೆಗಳ ಪ್ರವಾಹವಾಗಿ ಹರಿಯತೊಡಗುತ್ತದೆ: ಸೆಕೆಂಡಿಗೆ 8,000 ಮಾದರಿಗಳು (ಆಯಾ ಕ್ಷಣದ ಧ್ವನಿಯ ಅಳತೆಗಳು), ಪ್ರತಿ ಮಾದರಿಗೆ ಎರಡು ಬೈಟು, ಒಟ್ಟು ಸೆಕೆಂಡಿಗೆ 16,000 ಬೈಟು. 20 ಮಿಲಿಸೆಕೆಂಡಿಗೊಮ್ಮೆ 320 ಬೈಟುಗಳನ್ನು ಓದಿ ಸ್ಪೀಕರಿಗೆ ಕೊಡುವ, ಅಷ್ಟನ್ನೇ ಮೈಕಿನಿಂದ ತೆಗೆದು ಪೋರ್ಟಿಗೆ ಬರೆಯುವ ಚಿಕ್ಕ ಪ್ರೋಗ್ರಾಂ ಬರೆದರೆ ಮಾತುಕತೆ ನಡೆಯುತ್ತದೆ. ಕ್ವೆಕ್ಟೆಲ್‌ನ ಇಜಿ25-ಜಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಹೇಳಿದರೆ ತಾನೇ ಒಂದು ಯುಎಸ್‌ಬಿ ಸೌಂಡ್ ಕಾರ್ಡಿನಂತೆ ಕಾಣಿಸಿಕೊಳ್ಳುತ್ತದೆ.

ಮಾತು ಕೇಳಿಸಿದ ಮೇಲೂ ಎರಡು ತೊಡಕುಗಳು ಉಳಿಯುತ್ತವೆ. ಒಂದು ಗಡಿಯಾರದ್ದು. ಮಾಡ್ಯೂಲಿನ ಸೆಕೆಂಡು ಮತ್ತು ಸೌಂಡ್ ಕಾರ್ಡಿನ ಸೆಕೆಂಡು ಕರಾರುವಾಕ್ಕಾಗಿ ಒಂದೇ ಅಲ್ಲ, ಏಕೆಂದರೆ ಎರಡಕ್ಕೂ ಬೇರೆ ಬೇರೆ ಹರಳುಗಳು ತಾಳ ಕೊಡುತ್ತವೆ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದೆಯೆಂದು ಇಟ್ಟುಕೊಂಡರೆ, ಸೆಕೆಂಡಿಗೆ 0.4 ಮಾದರಿಯಂತೆ ಹತ್ತು ನಿಮಿಷದ ಕರೆಯಲ್ಲಿ 240 ಮಾದರಿಗಳು, ಅಂದರೆ 30 ಮಿಲಿಸೆಕೆಂಡಿನಷ್ಟು ಮಾತು ಹೆಚ್ಚೋ ಕಡಿಮೆಯೋ ಆಗುತ್ತದೆ. ಹೆಚ್ಚಾದರೆ ಮಾತು ಸ್ವಲ್ಪಸ್ವಲ್ಪವೇ ಹಿಂದೆ ಬೀಳುತ್ತದೆ, ಕಡಿಮೆಯಾದರೆ ನಡುನಡುವೆ ಚಟ್ ಎಂದು ಕಡಿಯುತ್ತದೆ. ಪಲ್ಸ್‌ಆಡಿಯೊ, ಪೈಪ್‌ವೈರ್ ಎಂಬ ಲಿನಕ್ಸ್ ಧ್ವನಿ ವ್ಯವಸ್ಥೆಗಳು ಈ ವ್ಯತ್ಯಾಸವನ್ನು ಅಳೆಯುತ್ತಾ ವೇಗವನ್ನು ಅತಿ ಸೂಕ್ಷ್ಮವಾಗಿ ಹೊಂದಿಸಬಲ್ಲವು. ಆದ್ದರಿಂದ ಮೇಲೆ ಹೇಳಿದ ಚಿಕ್ಕ ಪ್ರೋಗ್ರಾಮು ಪರೀಕ್ಷೆಗೆ ಸಾಕಾದರೂ ದಿನಬಳಕೆಗೆ ಇವುಗಳ ಮೂಲಕ ಹೋಗುವುದೇ ಸರಿ.

ಇನ್ನೊಂದು ಪ್ರತಿಧ್ವನಿ. ಸ್ಪೀಕರಿನಿಂದ ಹೊರಟ ಆಚೆಯವರ ಮಾತು ನಮ್ಮ ಮೈಕಿಗೆ ಹೊಕ್ಕು ಅವರಿಗೇ ಮರಳುತ್ತದೆ. ಇದರ ಕಿರುಕುಳ ನಮಗೆ ಗೊತ್ತೇ ಆಗುವುದಿಲ್ಲ, ಅನುಭವಿಸುವವರು ಆಚೆಯವರು. ಹಾಗಾಗಿ 'ನನ್ನ ಸಾಧನ ಚೆನ್ನಾಗಿದೆ' ಎಂದು ಮಾಡಿದವರು ಹೇಳುತ್ತಿರುತ್ತಾರೆ, 'ನಿನ್ನ ಫೋನು ಸರಿಯಿಲ್ಲ ಕಣೋ' ಎಂದು ಮನೆಯವರು ಹೇಳುತ್ತಿರುತ್ತಾರೆ. ಪ್ರತಿಧ್ವನಿಯನ್ನು ತೆಗೆಯುವ ವಿಧಾನದ ತರ್ಕ ಸರಳವಾಗಿದೆ: ಸ್ಪೀಕರಿಗೆ ಏನು ಕಳಿಸಿದೆವು ಎಂಬುದು ಕಂಪ್ಯೂಟರಿಗೆ ಗೊತ್ತು, ಅದು ಕೋಣೆಯಲ್ಲಿ ಸುತ್ತಿ ಎಷ್ಟು ತಡವಾಗಿ, ಎಷ್ಟು ಕುಗ್ಗಿ ಮೈಕಿಗೆ ಬರುತ್ತದೆಂದು ಅಂದಾಜು ಮಾಡಿ ಮೈಕಿನ ಧ್ವನಿಯಿಂದ ಅಷ್ಟನ್ನು ಕಳೆಯುತ್ತದೆ. ಅನಲಾಗ್ ದಾರಿಯಲ್ಲಿ ಈ ಕೆಲಸವನ್ನು ಮಾಡ್ಯೂಲ್ ಮಾಡಿಕೊಡುತ್ತದೆ. ಯುಎಸ್‌ಬಿ ದಾರಿಯಲ್ಲಿ ಲಿನಕ್ಸೇ ಮಾಡಬೇಕು. ಪೈಪ್‌ವೈರಿನಲ್ಲಿ ಅದಕ್ಕೆಂದೇ ಒಂದು ಭಾಗವಿದೆ, ಅದನ್ನು ಚಾಲೂ ಮಾಡಿಕೊಳ್ಳಬೇಕು. ಇದಕ್ಕೆ ಹೊಂದಿಕೊಂಡ ಇನ್ನೊಂದು ಸಂಗತಿ: ಸಾಮಾನ್ಯ ಫೋನುಗಳು ನಮ್ಮದೇ ಮಾತನ್ನು ತೀರಾ ಮೆಲ್ಲಗೆ ನಮ್ಮ ಕಿವಿಗೂ ಕೇಳಿಸುತ್ತವೆ. ಅದು ಇಲ್ಲದಿದ್ದರೆ ಫೋನು ಸತ್ತಿದೆಯೇನೋ ಎನಿಸಿ ಜನ ಕೂಗಿ ಮಾತಾಡತೊಡಗುತ್ತಾರೆ.

ಗುಣಮಟ್ಟದ ಬಗ್ಗೆ ಒಂದು ಮಾತು. 2ಜಿ ಕರೆಯಲ್ಲಿ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿ ಮಾತ್ರ ಸಾಗುತ್ತದೆ. ವೋಲ್ಟಿಯಲ್ಲಿ ಸಾಮಾನ್ಯವಾಗಿ ಬಳಸುವ ವಿಶಾಲ ಪಟ್ಟಿಯ ಸಂಕೇತನ ಅದನ್ನು 50ರಿಂದ 7,000 ಹರ್ಟ್ಸ್‌ವರೆಗೆ ಹಿಗ್ಗಿಸುತ್ತದೆ. 'ಸ' ಮತ್ತು 'ಫ' ಸ್ಪಷ್ಟವಾಗಿ ಬೇರೆಯಾಗಿ ಕೇಳುವುದು ಈ ಮೇಲಿನ ಭಾಗದಿಂದ. ಆದರೆ ಮಾಡ್ಯೂಲು ಯುಎಸ್‌ಬಿಯಲ್ಲಿ ಸೆಕೆಂಡಿಗೆ 8,000 ಮಾದರಿಗಳನ್ನಷ್ಟೇ ಕೊಡುತ್ತಿದ್ದರೆ ಜಾಲದಿಂದ ಬಂದ ಆ ಲಾಭ ಮನೆಯ ಬಾಗಿಲಲ್ಲೇ ಉಳಿದುಹೋಗುತ್ತದೆ. 16,000ಕ್ಕೆ ಏರಿಸಲು ಬರುತ್ತದೆಯೇ ಎಂದು ಮಾಡ್ಯೂಲಿನ ಕೈಪಿಡಿಯಲ್ಲಿ ನೋಡಬೇಕು.

ಲಿನಕ್ಸಿನ ಕಡೆಯ ತಂತ್ರಾಂಶ

ಎಟಿ ಆಜ್ಞೆಗಳನ್ನು ಕೈಯಾರೆ ಬರೆಯುವುದು ಕಲಿಯಲು ಒಳ್ಳೆಯದು. ನಿತ್ಯದ ಬಳಕೆಗೆ ಮೋಡೆಮ್‌ಮ್ಯಾನೇಜರ್ ಎಂಬ ಸೇವೆಯಿದೆ. ಅದು ಹಿನ್ನೆಲೆಯಲ್ಲಿ ಕೂತು ಮೋಡೆಮನ್ನು ಗುರುತಿಸಿ, ಕರೆ, ಕಿರುಸಂದೇಶ, ಇಂಟರ್ನೆಟ್ ಮೂರನ್ನೂ ಬೇರೆ ಪ್ರೋಗ್ರಾಮುಗಳಿಗೆ ಒಂದೇ ರೀತಿಯಲ್ಲಿ ಒದಗಿಸುತ್ತದೆ. ಅದರ ಮೇಲೆ ಪರದೆಯಲ್ಲಿ ಕಾಣುವ ಡಯಲರ್ ಕೂರುತ್ತದೆ: ಲಿಬ್ರೆಮ್ 5ಕ್ಕಾಗಿ ಪ್ಯೂರಿಸಂ ಆರಂಭಿಸಿದ ಕಾಲ್ಸ್, ಕೆಡಿಇ ಬಳಗದ ಪ್ಲಾಸ್ಮಾ ಡಯಲರ್ ಇಂಥವು. ಕರೆ ಬಂದಾಗ ಧ್ವನಿಯನ್ನು ಕಿವಿಯ ಸ್ಪೀಕರಿಗೋ ದೊಡ್ಡ ಸ್ಪೀಕರಿಗೋ ತಿರುಗಿಸಲು ಕಾಲ್‌ಆಡಿಯೊಡಿ ಎಂಬ ಇನ್ನೊಂದು ಚಿಕ್ಕ ಸೇವೆಯಿದೆ. ನೋಕಿಯಾ ಮತ್ತು ಇಂಟೆಲ್ 2009ರಲ್ಲಿ ಘೋಷಿಸಿದ ಓಫೋನೊ ಮೋಡೆಮ್‌ಮ್ಯಾನೇಜರಿನ ಕೆಲಸಕ್ಕಿರುವ ಇನ್ನೊಂದು ದಾರಿ. ಎಲ್ಲವನ್ನೂ ಹೊಸದಾಗಿ ಬರೆಯುವ ಉತ್ಸಾಹವನ್ನು ನಾನು ತಡೆಯುವುದಿಲ್ಲ. ಆದರೆ ಒಂದು ಕರೆಯ ನಡುವೆ ಇನ್ನೊಂದು ಬಂದಾಗ, ಆಚೆಯವರು ಇಟ್ಟಾಗ, ಬ್ಯಾಂಕಿನ ಯಂತ್ರ 'ಒಂದನ್ನು ಒತ್ತಿ' ಎಂದಾಗ, ಹೀಗೆ ಪ್ರತಿಯೊಂದು ಸಂದರ್ಭವನ್ನೂ ಸಿದ್ಧ ತಂತ್ರಾಂಶದವರು ಆಗಲೇ ಯೋಚಿಸಿಟ್ಟಿದ್ದಾರೆ.

ಇಲ್ಲಿ ಪದೇ ಪದೇ ಕಾಣುವ ಗೊಂದಲವೊಂದಿದೆ. ಮೋಡೆಮ್‌ಮ್ಯಾನೇಜರ್ ಓಡುತ್ತಿರುವಾಗಲೇ ಅದೇ ಪೋರ್ಟಿಗೆ ಬೇರೊಂದು ಕಿಟಕಿಯಿಂದ ಎಟಿ ಆಜ್ಞೆ ಕಳಿಸಿದರೆ ಒಬ್ಬರಿಗೆ ಬರಬೇಕಾದ ಉತ್ತರವನ್ನು ಇನ್ನೊಬ್ಬರು ಓದಿಬಿಡುತ್ತಾರೆ, ಇಬ್ಬರಿಗೂ ಮೋಡೆಮ್ ಕೆಟ್ಟಿದೆಯೆನಿಸುತ್ತದೆ. ಕೈಯಾರೆ ಪರೀಕ್ಷಿಸುವಾಗ ಆ ಸೇವೆಯನ್ನು ನಿಲ್ಲಿಸಿಕೊಳ್ಳಬೇಕು.

ವಿದ್ಯುತ್ತು, ನಿದ್ರೆ, ಆಂಟೆನಾ

ಕರೆ ಮಾಡಿದ ಕ್ಷಣವೇ ಮಾಡ್ಯೂಲ್ ಆರಿ ಮತ್ತೆ ಹೊತ್ತಿಕೊಂಡರೆ ತಂತ್ರಾಂಶವನ್ನು ಬೈಯಬಾರದು, ವಿದ್ಯುತ್ತನ್ನು ನೋಡಬೇಕು. 2ಜಿ ಮೋಡೆಮ್ ನಿರಂತರವಾಗಿ ಪ್ರಸಾರ ಮಾಡುವುದಿಲ್ಲ, 4.615 ಮಿಲಿಸೆಕೆಂಡಿಗೊಮ್ಮೆ ತನ್ನ ಸರದಿ ಬಂದಾಗ 577 ಮೈಕ್ರೊಸೆಕೆಂಡಿನಷ್ಟು ಹೊತ್ತು ಮಾತ್ರ, ಆದರೆ 900 ಮೆಗಾಹರ್ಟ್ಸ್‌ನಲ್ಲಿ 2 ವ್ಯಾಟ್‌ವರೆಗಿನ ಬಲದಿಂದ ಪ್ರಸಾರ ಮಾಡುತ್ತದೆ. ಆ ಗಳಿಗೆಯಲ್ಲಿ ಅದು ಎಳೆಯುವ ವಿದ್ಯುತ್ತು 2 ಆಂಪಿಯರ್ ಮುಟ್ಟಬಹುದು. ಸಿಮ್800ಎಲ್‌ಗೆ ಬೇಕಾದದ್ದು 3.4ರಿಂದ 4.4 ವೋಲ್ಟ್, ತಂತಿ ತೆಳುವಾಗಿದ್ದರೆ ಅಥವಾ ಬ್ಯಾಟರಿ ಇಳಿದಿದ್ದರೆ ಆ ಒಂದು ಗಳಿಗೆ ವೋಲ್ಟೇಜು 3.4ಕ್ಕಿಂತ ಕೆಳಗೆ ಕುಸಿಯುತ್ತದೆ, ಮಾಡ್ಯೂಲ್ ಸಾಯುತ್ತದೆ. ಮಾಡ್ಯೂಲಿನ ಕಾಲಿಗೆ ಆದಷ್ಟು ಹತ್ತಿರ ದೊಡ್ಡ ಕೆಪಾಸಿಟರ್ ಹಾಕುವುದು, ದಪ್ಪ ಮತ್ತು ಗಿಡ್ಡ ತಂತಿ ಬಳಸುವುದು ಇದಕ್ಕೆ ಮದ್ದು. ಸೆಕೆಂಡಿಗೆ ಸುಮಾರು 217 ಸಲ ಆಗುವ ಈ ಎಳೆತವೇ ಹಿಂದೆ ರೇಡಿಯೊ ಪಕ್ಕ ಮೊಬೈಲ್ ಇಟ್ಟಾಗ ಕೇಳುತ್ತಿದ್ದ ಟರ್ ಟರ್ ಸದ್ದಿಗೂ ಕಾರಣ. ಮೈಕಿನ ತಂತಿಯನ್ನು ಆಂಟೆನಾದ ಪಕ್ಕದಲ್ಲೇ ಎಳೆದರೆ ಅದೇ ಸದ್ದು ಕರೆಯೊಳಗೂ ಬರುತ್ತದೆ. 4ಜಿಯ ಗರಿಷ್ಠ ಪ್ರಸಾರ ಬಲ ಸಾಮಾನ್ಯವಾಗಿ ವ್ಯಾಟಿನ ಐದನೇ ಒಂದು ಭಾಗದಷ್ಟೇ ಇರುವುದರಿಂದ ಅಲ್ಲಿ ಈ ಬಾಧೆ ಕಡಿಮೆ. ಆದರೂ ರಾಸ್‌ಬೆರಿ ಪೈ 4ರ ಎಲ್ಲ ಯುಎಸ್‌ಬಿ ಕಿಂಡಿಗಳೂ ಸೇರಿ ಕೊಡಬಲ್ಲದ್ದು 1.2 ಆಂಪಿಯರ್ ಎಂಬುದು ನೆನಪಿರಲಿ.

ಕಾಯುವ ಸಮಸ್ಯೆ ಇದಕ್ಕಿಂತ ಆಳವಾದದ್ದು. ಫೋನು ದಿನದ ಬಹುಪಾಲು ನಿದ್ರಿಸುತ್ತಿರುತ್ತದೆ. ಮೋಡೆಮ್ ಮಾತ್ರ ಅರೆಗಣ್ಣು ತೆರೆದು ಆಗಾಗ ಟವರಿನ ಕಡೆ ಕಿವಿಗೊಡುತ್ತದೆ. ಕರೆ ಬಂದರೆ ಅದು ರಿಂಗ್ ಸೂಚಕ ಎಂಬ ತನ್ನ ಕಾಲಿನಲ್ಲಿ ಒಂದು ಮಿಡಿತ ಕೊಡುತ್ತದೆ, ಮುಖ್ಯ ಚಿಪ್ಪು ಎಚ್ಚರಗೊಂಡು ಯುಎಸ್‌ಬಿಯನ್ನು ಸರಿಪಡಿಸಿಕೊಂಡು ಮೋಡೆಮನ್ನು ವಿಚಾರಿಸಿ ರಿಂಗ್ ಬಾರಿಸಬೇಕು. ಇದಕ್ಕೆ ಹಿಡಿಯುವ ಪ್ರತಿ ಸೆಕೆಂಡೂ ಆಚೆಯವರ ತಾಳ್ಮೆಯ ಲೆಕ್ಕಕ್ಕೆ ಹೋಗುತ್ತದೆ. ಪೈನ್‌ಫೋನ್ ಬಳಗ ಬಹಳ ಕಾಲ ಹೆಣಗಿದ್ದು ಇದರ ಮೇಲೆಯೇ. ರಾಸ್‌ಬೆರಿ ಪೈ ಬೋರ್ಡುಗಳಿಗಾದರೋ ಇಂಥ ಲಘು ನಿದ್ರೆಯೇ ಗೊತ್ತಿಲ್ಲ. ಒಂದೋ ಪೂರ್ತಿ ಎಚ್ಚರ, ಇಲ್ಲವೇ ಪೂರ್ತಿ ಬಂದ್. ಅಂಥ ಸಾಧನದಿಂದ ಹೊರಹೋಗುವ ಕರೆ ಮಾಡಬಹುದು, ಮೇಜಿನ ಮೇಲಿರುವಾಗ ಬಂದ ಕರೆ ಸ್ವೀಕರಿಸಬಹುದು; ಜೇಬಿನಲ್ಲಿಟ್ಟುಕೊಂಡು ಶಿರಾ ಬಸ್ಸು ಹತ್ತಿ ಸಂಜೆಯವರೆಗೆ ಕರೆಗಾಗಿ ಕಾಯುತ್ತೇನೆಂದರೆ ಬ್ಯಾಟರಿ ಒಪ್ಪುವುದಿಲ್ಲ.

ಆಂಟೆನಾ ವಿಷಯ ಬೇಗ ಮುಗಿಯುತ್ತದೆ. ಲೋಹದ ಪೆಟ್ಟಿಗೆಯೊಳಗೆ ಇಡಬಾರದು. ಆಂಟೆನಾದ ಉದ್ದಕ್ಕೆ ಅಳತೆಯಾಗುವ ಕಾಲು ತರಂಗ (ತರಂಗದ ಉದ್ದದ ನಾಲ್ಕನೇ ಒಂದು ಭಾಗ) 1800 ಮೆಗಾಹರ್ಟ್ಸ್‌ಗೆ ಸುಮಾರು 4 ಸೆಂಟಿಮೀಟರ್, 850ಕ್ಕೆ ಸುಮಾರು 9. ಆದ್ದರಿಂದ ತೀರಾ ಗಿಡ್ಡ ಆಂಟೆನಾ ಕೆಳಗಿನ ತರಂಗಾಂತರದಲ್ಲಿ ಸೋಲುತ್ತದೆ, ಹಳ್ಳಿಗಾಡಿನಲ್ಲಿ ದೂರದ ಟವರನ್ನು ಮುಟ್ಟಲು ಬೇಕಾಗುವುದು ಆ ಕೆಳಗಿನದೇ. ಸಿಗ್ನಲ್ ಎಷ್ಟಿದೆಯೆಂದು ಮೋಡೆಮನ್ನೇ ಕೇಳಬಹುದು: ಸೊನ್ನೆಯಿಂದ 31ರವರೆಗಿನ ಒಂದು ಸಂಖ್ಯೆ ಬರುತ್ತದೆ, 99 ಬಂದರೆ ಅಳೆಯಲಾಗಿಲ್ಲವೆಂದು ಅರ್ಥ. ಊರೊಳಗೆ ಬಿ.ಎಚ್. ರಸ್ತೆಯಲ್ಲಿ ಪರೀಕ್ಷಿಸಿ ತೃಪ್ತರಾಗುವ ಬದಲು ದೇವರಾಯನದುರ್ಗದ ಗುಡ್ಡದ ಮರೆಯ ತಿರುವುಗಳಲ್ಲಿಯೂ ಒಮ್ಮೆ ಆ ಸಂಖ್ಯೆಯನ್ನು ನೋಡುವುದು ಒಳ್ಳೆಯದು.

ಕಾನೂನು ಮತ್ತು ಇನ್ನೊಂದು ಸುಲಭದ ದಾರಿ

ಪ್ರತಿ ಮಾಡ್ಯೂಲಿಗೂ ಜಾಲಕ್ಕೆ ಅದರ ಗುರುತು ಹೇಳುವ ತನ್ನದೇ 15 ಅಂಕಿಯ ಐಎಂಇಐ ಸಂಖ್ಯೆ ಇರುತ್ತದೆ. ಅದನ್ನು ಆಜ್ಞೆಯಿಂದ ಬದಲಿಸುವ ವಿದ್ಯೆಯನ್ನು ಕೆಲವರು ಹೇಳಿಕೊಡುತ್ತಾರೆ, ಅದನ್ನು ಮುಟ್ಟಬಾರದು. 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಅದಕ್ಕೆ ಮೂರು ವರ್ಷದವರೆಗಿನ ಸೆರೆವಾಸ, 50 ಲಕ್ಷ ರೂಪಾಯಿವರೆಗಿನ ದಂಡ ಬೀಳಬಹುದು. ಕೊಂಡ ಮಾಡ್ಯೂಲಿನ ಸಂಖ್ಯೆ ಕದ್ದ ಸಾಧನದ್ದಲ್ಲವೆಂದು ಖಾತರಿಮಾಡಿಕೊಳ್ಳಲು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ವ್ಯವಸ್ಥೆಯಿದೆ. ಸಿಮ್ ಕೊಳ್ಳುವಾಗ ಸಾಮಾನ್ಯ ಹತ್ತು ಅಂಕಿಯ ನಂಬರಿನದನ್ನೇ ಕೊಳ್ಳಬೇಕು. ಯಂತ್ರಗಳಿಗೆಂದು ಕೊಡುವ 13 ಅಂಕಿಯ ಸಿಮ್‌ಗಳು ಮಾತಿಗೆ ಆಗಿಬರುವುದಿಲ್ಲ. ಇನ್ನು, ಮನೆಯಲ್ಲಿ ಜೋಡಿಸಿದ ಸಾಧನವೊಂದನ್ನೇ ನಂಬಿಕೊಂಡು ಇರುವುದು ಬೇಡ. ತುರ್ತಿಗೆ 112ಕ್ಕೆ ಕರೆ ಮಾಡುವ ಹೊತ್ತಿನಲ್ಲಿ ಪ್ರೋಗ್ರಾಮು ತೂಕಡಿಸಬಾರದಲ್ಲ.

ಇಷ್ಟೆಲ್ಲ ಓದಿದ ಮೇಲೆ, ಅಂಗೈ ಕಂಪ್ಯೂಟರಿನ ಪರದೆಯಿಂದ ಕರೆ ಮಾಡಬೇಕು, ಅದರ ಸ್ಪೀಕರಿನಲ್ಲಿ ಮಾತಾಡಬೇಕು, ಅಷ್ಟೇ ಸಾಕು ಎನ್ನುವವರಿಗೆ ಸಿಮ್ಮೂ ಬೇಡ, ಮಾಡ್ಯೂಲೂ ಬೇಡ. ಕಾರಿನ ಮ್ಯೂಸಿಕ್ ಸಿಸ್ಟಂ ಬ್ಲೂಟೂತಿನಿಂದ ಫೋನಿನ ಕರೆಯನ್ನು ಹೇಗೆ ತನ್ನ ಮೇಲೆ ತೆಗೆದುಕೊಳ್ಳುತ್ತದೋ ಹಾಗೆಯೇ ಲಿನಕ್ಸ್ ಕಂಪ್ಯೂಟರೂ ತೆಗೆದುಕೊಳ್ಳಬಲ್ಲದು. ಓಫೋನೊ ಮತ್ತು ಪೈಪ್‌ವೈರ್ ಜೊತೆಗೂಡಿದರೆ ಜೇಬಿನಲ್ಲಿರುವ ಮಾಮೂಲಿ ಫೋನೇ ಮೋಡೆಮ್ ಆಗುತ್ತದೆ. ವೋಲ್ಟಿ, ತರಂಗಾಂತರ, ಕಾಯುವ ಬ್ಯಾಟರಿ ಇವೆಲ್ಲ ಅದರ ಪಾಲಿಗೆ ಹೋಗುತ್ತವೆ. ಬ್ಲೂಟೂತಿನ ಹಳೆಯ ಕ್ರಮದಲ್ಲಿ ಮಾತು ಸೆಕೆಂಡಿಗೆ 8,000 ಮಾದರಿಗಳಲ್ಲಿ ಬರುತ್ತದೆ, ಹೊಸದರಲ್ಲಿ 16,000. ಎರಡೂ ಕಡೆಯ ಸಾಧನಗಳು ಹೊಸದನ್ನು ಬಲ್ಲವೇ ಎಂದು ಮೊದಲೇ ನೋಡಿಕೊಂಡರೆ ವೋಲ್ಟಿ ಕರೆಯ ಸ್ಪಷ್ಟತೆಯೂ ಕೈಬಿಟ್ಟುಹೋಗುವುದಿಲ್ಲ.